ಸೀರಿಯಲ್ ಅಜ್ಜನ ಸೂತಕ

ಎದುರುಮನೆಯ ವೈನಿ ಕಳೆದ ತಿಂಗಳು ಮನೆ ಖಾಲಿ ಮಾಡಿಕೊಂಡು ಮಿಯಾಪುರಕ್ಕೆ, ಮಗಳ ಮನೆಯ ಹತ್ತಿರಕ್ಕೆ ಹೋದರು. ಸಾಮಾನಿನ ಗಾಡಿ ಹೊರಡುವ ಮುಂಚೆ ನಮ್ಮ ಅಡಿಗೆಮನೆಗೆ ಬಂದು ಅರ್ಧ ಡಬ್ಬಿ ಗುರೆಳ್ಳು ಪುಡಿ, ಕಟ್ಟು ಬಿಚ್ಚದ ಒಂದು ಪೊರಕೆ, ಕರಿಬೇವಿನ ಕುಂಡ ಇಷ್ಟನ್ನೂ ಒಪ್ಪಿಸಿದರು. ಕಟ್ಟೆಯ ಮೇಲೆ ನಾನು ಹೊಸದಾಗಿ ತಂದಿಟ್ಟಿದ್ದ ಉಪ್ಪಿನಕಾಯಿ ಭರಣಿ ಅವರ ಕಣ್ಣಿಗೆ ಬಿತ್ತು. ಬೆರಳ ಗೆಣ್ಣಿನಿಂದ ಅದನ್ನು ಎರಡು ಸಲ ಬಾರಿಸಿ, ‘ಖರೇ ಪಿಂಗಾಣಿನ ಐತ್ರಿ’ ಎಂದರು. ಆಮೇಲೆ ನನ್ನ ಒದ್ದೆ ಕಣ್ಣು ನೋಡಿ, ‘ಇದೂ ಖರೇ ಐತಿ, ಗ್ಲಿಸರಿನ್ ಅಲ್ಲ’ ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಇಷ್ಟು ವರ್ಷದ ನೆರೆಹೊರೆಗೆ ಅವರು ಕೊಟ್ಟ ಪ್ರಮಾಣಪತ್ರ ಅಷ್ಟೇ.

ವೈನಿ ಎಂದರೆ ಅಣ್ಣನ ಹೆಂಡತಿ. ಅವರು ನನಗೆ ಯಾವ ಅಣ್ಣನ ಹೆಂಡತಿಯೂ ಆಗಬೇಕಾಗಿರಲಿಲ್ಲ. ಅವರ ಯಜಮಾನರೂ ನಮ್ಮವರೂ ರೈಲ್ವೆಯ ಒಂದೇ ಆಫೀಸಿನಲ್ಲಿದ್ದರು. ಹೈದರಾಬಾದಿನ ಮಲ್ಕಾಜ್‌ಗಿರಿಯ ಈ ಮೂರು ಮಹಡಿಯ ಕಟ್ಟಡದಲ್ಲಿ ನಾವು ಬಾಡಿಗೆಗೆ ಬಂದ ದಿನ, ಕಾಯಿಪಲ್ಲೆಯವನ ಹತ್ತಿರ ನನ್ನ ಹರಕು ತೆಲುಗು ಕೇಳಿ, ‘ರಾಯಚೂರ ಕಡ್ಯಾವ್ರೇನ್ರಿ’ ಎಂದು ಎದುರು ಬಾಗಿಲಿನಿಂದ ಕೇಳಿದವರು ಅವರು. ಅವತ್ತಿನಿಂದ ನನಗೆ ವೈನಿಯಾದರು. ಬಾಗಿಲ ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ, ಎರಡು ಬಾಗಿಲುಗಳ ನಡುವಿನ ಮೊಳದಗಲ ಜಾಗದಲ್ಲಿ ಮಾತ್ರ ಕನ್ನಡ. ನಮ್ಮ ಕೇಬಲ್ಲಿನವನು ಕೃಪೆಮಾಡಿ ಒಂದು ಕನ್ನಡ ಚಾನೆಲ್ ಕೊಡುತ್ತಿದ್ದ. ಸಂಜೆ ಏಳೂವರೆಯ ಧಾರಾವಾಹಿಗೆ ಕಟ್ಟಡದಲ್ಲಿ ಕನ್ನಡ ಬಲ್ಲ ಹೆಂಗಸರೆಲ್ಲ ವೈನಿಯ ಮನೆಯಲ್ಲಿ ಸೇರುತ್ತಿದ್ದೆವು. ಕಾರಣ, ಅವರ ಟಿ.ವಿ. ದೊಡ್ಡದು. ಇನ್ನೊಂದು ಕಾರಣ, ಅವರ ಅತ್ತೆ. ಅಜ್ಜಿಗೆ ಮೊಣಕಾಲು ನೋವು, ಮೆಟ್ಟಿಲು ಇಳಿಯಲಾರರು. ಆದರೆ ಒಬ್ಬರೇ ಕುಳಿತು ಅಳುವುದೂ ಅವರಿಗೆ ಸೇರುತ್ತಿರಲಿಲ್ಲ.

ನಾವು ಅಳಲು ಸೇರುತ್ತಿದ್ದೆವು. ವೈನಿ ಅಳು ಕೆಡಿಸಲು.

‘ಮನಿ ಮಂದಿನೆಲ್ಲಾ ಬಿಟ್ಟು ಹೊಂಟಾಳ ನೋಡ್ರಿ ಪಾಪ’ ಎಂದು ಕೆಳಗಿನ ಮನೆಯವರು ಕಣ್ಣೊರೆಸಿದರೆ, ವೈನಿ ಅವರೆಕಾಯಿ ಬಿಡಿಸುತ್ತ ತಲೆಯೆತ್ತದೆ ಹೇಳುತ್ತಿದ್ದರು: ‘ಎಲ್ಲಿಗಿ ಹೊಕ್ಕಾಳ್ರಿ? ಆಕಿ ತವರುಮನಿ, ಗಂಡನಮನಿ, ಡಾಕ್ಟರ್ ಮನಿ, ಮೂರೂ ಒಂದ ಮನಿ. ಪಡದೆ ಬದಲಿ ಮಾಡ್ಯಾರ. ಸೋಫಾ ತಿರುಗಿಸಿ ಇಟ್ಟಾರ.’ ಅದರ ಮರುದಿನದಿಂದ ನನಗೆ ಕತೆ ಕಾಣಿಸಲಿಲ್ಲ, ಪರದೆಗಳೇ ಕಾಣಿಸಿದವು. ನಾಯಕಿ ಮಳೆಯಲ್ಲಿ ನೆನೆದು ನಿಂತರೆ, ‘ಹಿಂದಿನ ಗಿಡ ನೋಡ್ರಿ, ಒಣಗೇ ಐತಿ. ಮಳಿ ಆಕಿ ಒಬ್ಬಾಕಿಗಷ್ಟ ಬರಾಕತ್ತೈತಿ’ ಎನ್ನುವರು. ಆ ಮನೆಗೆ ಛಾವಣಿಯೇ ಇಲ್ಲ, ಮೇಲಿನಿಂದ ದೀಪ ಇಳಿಬಿಟ್ಟಿರುತ್ತಾರೆ ಎಂದು ತಿಳಿದ ಮೇಲೆ, ಅಲ್ಲಿ ಯಾರಾದರೂ ಫ್ಯಾನ್ ಹಾಕು ಎಂದರೆ ನಾವೆಲ್ಲ ನಗುತ್ತಿದ್ದೆವು. ಅಜ್ಜಿ ಮಾತ್ರ ನಗುತ್ತಿರಲಿಲ್ಲ.

‘ಎಲ್ಲಾದರ ಹೊಟ್ಟಿ ಸೀಳಿ ನೋಡಬಾರದವಾ. ಒಳಗ ಕರುಳ ಬಿಟ್ಟು ಏನೂ ಇರಂಗಿಲ್ಲ’ ಎನ್ನುತ್ತಿದ್ದರು.

ಈ ಜ್ಞಾನವೆಲ್ಲ ವೈನಿಗೆ ಬಂದದ್ದು ಸ್ಟೇಷನ್ ರಸ್ತೆಯ ಸೈಬರ್ ಕೆಫೆಯಿಂದ. ಊರಿನ ಆ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು, ಮೂಲೆಗೊಂದು ಸೈಬರ್ ಕೆಫೆ. ಅವರ ಮಗಳು ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಬರೆದಿದ್ದಳು. ಫಲಿತಾಂಶದ ದಿನ ಮಗಳು ಹೆದರಿ ಹಾಸಿಗೆಯಲ್ಲಿ ಮುಸುಕು ಹಾಕಿ ಮಲಗಿದಳು. ನಂಬರು ಚೀಟಿ ಹಿಡಿದು ವೈನಿಯೇ ಹೋದರು. ಕೆಫೆಯ ಭಾಯಿ ಪ್ಲೈವುಡ್ ಗೂಡೊಂದರಲ್ಲಿ ಅವರನ್ನು ಕೂರಿಸಿ, ಇಡೀ ಊರೇ ಈಗ ಅದನ್ನೇ ನೋಡುತ್ತಿದೆ, ಪುಟ ತೆರೆಯುವುದು ತಡ, ಅಲ್ಲಿಯವರೆಗೆ ಬೇರೇನಾದರೂ ನೋಡಿ ಎಂದ. ಬೇರೇನು ನೋಡಬೇಕು? ವೈನಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ ನಮ್ಮ ಏಳೂವರೆಯ ಧಾರಾವಾಹಿಯ ಹೆಸರು ಬರೆದರು. ಫಲಿತಾಂಶ ಮಧ್ಯಾಹ್ನದವರೆಗೂ ತೆರೆಯಲಿಲ್ಲ. ಧಾರಾವಾಹಿ ತಕ್ಷಣ ತೆರೆಯಿತು.

ಯಾರೋ ಅಭಿಮಾನಿಗಳು ಕೂಡಿ ನಡೆಸುತ್ತಿದ್ದ ತಾಣ ಅದು. ಕಪ್ಪು ನೆಲ, ಹಳದಿ ಅಕ್ಷರ, ನಾಲ್ಕೂ ಮೂಲೆಯಲ್ಲಿ ಮಿನುಗುವ ನಕ್ಷತ್ರ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು, ಓದುವಾಗ ತುಟಿ ಅಲುಗಿಸಲೇಬೇಕು. ಅದರಲ್ಲಿ ‘ತೆರೆಯ ಹಿಂದೆ’ ಎಂಬ ಭಾಗ ವೈನಿಯ ಕಾಶಿ. ಅಲ್ಲಿ ಖಳನಾಯಕಿ ಸ್ವೆಟರ್ ಹೆಣೆಯುತ್ತಿದ್ದಳು. ಕೋಮಾದಲ್ಲಿದ್ದ ಗಂಡ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಇಸ್ಪೀಟು ಕಲೆಸುತ್ತಿದ್ದ. ತಾಣದವರಿಗೆ ಮೇಕಪ್ಪಿನವರ ಕಡೆಯ ಯಾರೋ ನೆಂಟರು ಫೋಟೋ ಕಳಿಸುತ್ತಾರೆಂದು ವೈನಿ ಹೇಳುತ್ತಿದ್ದ ರೀತಿ ಹೇಗಿತ್ತೆಂದರೆ, ಆ ನೆಂಟರು ತಮಗೂ ನೆಂಟರು ಎಂಬಂತಿತ್ತು. ಮಗಳಿಗೆ ಸೀಟು ಸಿಕ್ಕಿತು. ಅದನ್ನು ಅವರು ನಮಗೆ ಹೇಳಿದ್ದು, ಖಳನಾಯಕಿಯ ಸ್ವೆಟರಿನ ಬಣ್ಣ ಹೇಳಿ ಮುಗಿಸಿದ ಮೇಲೆ.

ಆ ತಾಣದಲ್ಲಿ ಅವರೂ ಬರೆಯುತ್ತಿದ್ದರು. ನಿನ್ನೆ ಸೊಸೆಯ ಎಡಗೈಯಲ್ಲಿದ್ದ ವಾಚು ಇವತ್ತು ಬಲಗೈಗೆ ಹೇಗೆ ಹೋಯಿತು, ಅರ್ಧ ಕುಡಿದ ಹಾಲಿನ ಲೋಟ ಅಷ್ಟರಲ್ಲಿ ಮತ್ತೆ ತುಂಬಿದ್ದು ಹೇಗೆ, ಇಂಥವು. ಬಹಳ ಮಂದಿ ಅವರನ್ನು ಸ್ಟುಡಿಯೋದಲ್ಲಿ ಕೆಲಸ ಮಾಡುವ ಗಂಡಸು ಎಂದೇ ತಿಳಿದಿದ್ದರು. ‘ಸರ್, ಮುಂದೇನಾಗತೈತಿ ಹೇಳ್ರಿ’ ಎಂದು ಕೇಳುತ್ತಿದ್ದರು. ವೈನಿ ಸರಿಪಡಿಸಲಿಲ್ಲ. ‘ಮನ್ಯಾಗಂತೂ ಯಾರೂ ಸರ್ ಅನ್ನಂಗಿಲ್ಲ’ ಎಂದರು.

ಒಮ್ಮೆ ದಿಲ್‌ಸುಖ್‌ನಗರದಿಂದ ಬಸ್ಸು ಹಿಡಿದು ಊರಾಚೆಯ ದೊಡ್ಡ ಸ್ಟುಡಿಯೋ ನೋಡಲು ಇಬ್ಬರೂ ಹೋಗಿದ್ದೆವು. ವೈನಿಗೆ ಬಾರಿಸಿ ನೋಡುವ ಚಟ ಹತ್ತಿದ್ದು ಅಲ್ಲಿ. ಬೀದಿಯ ದೀಪದ ಕಂಬ ಬಾರಿಸಿದರು: ಪ್ಲಾಸ್ಟಿಕ್ಕು. ಅರಮನೆಯ ಗೋಡೆ ಬಾರಿಸಿದರು: ಹಲಗೆ. ವಿಮಾನ ಬಾರಿಸಿದರು: ಅರ್ಧ ಮಾತ್ರ ವಿಮಾನ. ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಕಿವಿಗೊಟ್ಟು ಬಾರಿಸುತ್ತ ಹೋಗಿ, ಒಂದು ಕಡೆ ‘ಇಕಾ ನೋಡ್ರಿ, ಇದೊಂದು ಖರೇ ಗ್ವಾಡಿ’ ಎಂದು ಸಂಭ್ರಮಪಟ್ಟರು. ಅದು ಗಂಡಸರ ಶೌಚಾಲಯದ ಗೋಡೆ. ಒಳಗಿನಿಂದ ಯಾರೋ ‘ಉನ್ನಾಂ, ಉನ್ನಾಂ’ ಎಂದು ತೆಲುಗಿನಲ್ಲಿ ಕೂಗಿ ತಾವಿದ್ದೇವೆಂದು ತಿಳಿಸಿದರು. ಅವತ್ತಿನಿಂದ ಈ ಚಟ ಊರೊಳಗೂ ಬಂತು. ಗುಡಿಯಲ್ಲಿ ಪ್ರದಕ್ಷಿಣೆ ಹಾಕುತ್ತ ಕಂಬ ಬಾರಿಸುವುದು, ಬಟ್ಟೆ ಅಂಗಡಿಯ ಗೊಂಬೆಯ ತಲೆ ಬಾರಿಸುವುದು. ಕೆಳಗಿನ ಮನೆಯ ಅತ್ತಿಗೆ ನಾದಿನಿಯರು ಮೆಟ್ಟಿಲ ಮೇಲೆ ಜಗಳಕ್ಕೆ ನಿಂತರೆ ವೈನಿ ನಡುವೆ ಹೋಗಿ, ‘ಇಬ್ಬರೂ ಕೂಡೆ ಮಾತಾಡಿದ್ರ ಕ್ಯಾಮರಾ ಯಾರ ಮಾರಿ ಹಿಡೀಬೇಕು? ಒಬ್ಬಾಕಿ ಮುಗಸ್ರಿ, ಆಮ್ಯಾಲೆ ಇನ್ನೊಬ್ಬಾಕಿ ಸುರು ಮಾಡ್ರಿ’ ಎಂದರು. ಪಾಳಿ ಹಚ್ಚಿದ ಮೇಲೆ ಜಗಳ ಬಹಳ ಹೊತ್ತು ನಡೆಯಲಿಲ್ಲ.

ಅಜ್ಜಿಯ ಎದುರು ಮಾತ್ರ ಈ ವಿದ್ಯೆ ನಡೆಯುತ್ತಿರಲಿಲ್ಲ.

ಆ ಧಾರಾವಾಹಿಯಲ್ಲಿ ನಾಯಕಿಗೆ ಒಬ್ಬ ಅಜ್ಜನಿದ್ದ, ತಾಯಿಯ ತಂದೆ. ಅವನಿಗೆ ದೊಡ್ಡ ಕೆಲಸವೇನಿಲ್ಲ. ತೂಗುಮಂಚದ ಮೇಲೆ ಕುಳಿತಿರುವುದು, ನಶ್ಯದ ಡಬ್ಬಿಯ ಮುಚ್ಚಳ ತಟ್ಟುವುದು, ಹೋಗಿ ಬರುವ ಹೆಂಗಸರನ್ನೆಲ್ಲ ‘ಏನ್ ತಂಗಿ’ ಎಂದು ಮಾತಾಡಿಸುವುದು. ಅವನು ‘ಏನ್ ತಂಗಿ’ ಎಂದಾಗಲೆಲ್ಲ ನಮ್ಮ ಅಜ್ಜಿ ಇಲ್ಲಿಂದ ‘ಅರಾಮ ಇದೀನಪಾ’ ಎನ್ನುತ್ತಿದ್ದರು. ಅವನು ತೆರೆಯ ಮೇಲೆ ಬಂದರೆ ‘ಬಂದ ನೋಡು ನಮ್ಮಣ್ಣ’ ಎಂದು ಸರಿದು ಕೂರುತ್ತಿದ್ದರು. ಅಜ್ಜಿಗೆ ಆಗ ಎಪ್ಪತ್ತರ ಹತ್ತಿರ, ಆ ನಟನಿಗೆ ಐವತ್ತೈದೂ ಇರಲಾರದು, ಕೂದಲಿಗೆ ಪೌಡರ್ ಬಳಿದಿದ್ದರು. ಇದನ್ನೂ ವೈನಿ ಹೇಳಿ ನೋಡಿದರು.

‘ಅತ್ತಿಯವರ, ಆ ಮನಷಾ ಬ್ಯಾರೆ, ಪಾತ್ರ ಬ್ಯಾರೆ.’

‘ನೀನೂ ಹಂಗೇನು? ಮನಷಾಳು ಬ್ಯಾರೆ, ಸೊಸಿ ಬ್ಯಾರೆ?’

ವೈನಿ ಅವರೆಕಾಯಿ ಎತ್ತಿಕೊಂಡು ಒಳಗೆ ಹೋದರು.

ನಮ್ಮ ಕಡೆ ಪಂಚಮಿ ಎಂದರೆ ಅಣ್ಣತಂಗಿಯರ ಹಬ್ಬ. ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಮೊಣಕಾಲು ನೋವಿನ ಅಜ್ಜಿಯನ್ನು ಯಾರೂ ಎಲ್ಲಿಗೂ ಕರೆಯುತ್ತಿರಲಿಲ್ಲ. ಆ ವರ್ಷ ಅಜ್ಜಿ ಒಂದು ಶೇಂಗಾ ಉಂಡಿ, ಒಂದು ಎಳ್ಳುಂಡಿ ತಟ್ಟೆಯಲ್ಲಿಟ್ಟು ಟಿ.ವಿ.ಯ ತಲೆಯ ಮೇಲೆ ಇರಿಸಿದ್ದರು. ಸಂಜೆ ವೈನಿ ನೋಡಿ, ‘ಇರವಿ ಒಳಗ ಹೊಕ್ಕೊಂಡು ವೈರ್ ಕಡದ್ರ ನಿಮ್ಮಣ್ಣ ಮುಂದಿನ ಪಂಚಮಿಗೂ ಬರಂಗಿಲ್ರಿ’ ಎಂದರು. ಅದೊಂದು ಮಾತು ಅಜ್ಜಿಗೆ ಸರಿ ಕಂಡಿತು. ತಟ್ಟೆ ತೆಗೆದು ಸ್ಟೂಲಿನ ಮೇಲೆ, ಅಣ್ಣನಿಗೆ ಕಾಣುವ ಹಾಗೆ ಇಟ್ಟರು.

ವರ್ಷಗಳು ಕಳೆದವು, ಧಾರಾವಾಹಿ ಮುಗಿಯಲಿಲ್ಲ. ವೈನಿಯ ಮಗಳು ಓದು ಮುಗಿಸಿ ಕಂಪ್ಯೂಟರ್ ಕಂಪನಿ ಸೇರಿದಳು, ಮದುವೆಯಾಯಿತು, ಬಸುರಿಯಾದಳು. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರ, ಒಂದು ಶುಕ್ರವಾರಕ್ಕೆ ನಿಶ್ಚಯವಾಯಿತು. ಬೀಗರು ರಾಯಚೂರಿನವರು. ಗುರುವಾರ ಸಂಜೆಯ ಗಾಡಿಗೆ ಹೊರಡುವುದೆಂದು ಮಾತಾಗಿತ್ತು. ಬೀಗಿತ್ತಿಯ ಬಾಯಿ ಸ್ವಲ್ಪ ಹರಿತ. ಮದುವೆಯಲ್ಲಿ ಚಿರೋಟಿ ಮೆತ್ತಗಾಗಿದ್ದನ್ನು ಇನ್ನೂ ಹೇಳುತ್ತಿದ್ದರು. ಅದಕ್ಕೇ ವೈನಿ ಈ ಸಲ ಎಲ್ಲಿಯೂ ಕೊಂಕು ಬರಬಾರದೆಂದು ತಿಂಗಳಿನಿಂದ ಓಡಾಡುತ್ತಿದ್ದರು. ಹಸಿರು ಬಳೆಯವನಿಗೆ ಹೇಳಿಯಾಗಿತ್ತು, ನಮ್ಮ ಮನೆಯ ಚಾಪೆಗಳು ಆಗಲೇ ಅವರ ಮನೆಯಲ್ಲಿದ್ದವು.

ಅದೇ ಹೊತ್ತಿಗೆ ಅಭಿಮಾನಿ ತಾಣದಲ್ಲಿ ಒಂದು ಸುದ್ದಿ ಬಂತು. ಅಜ್ಜನ ಪಾತ್ರಧಾರಿ ಇನ್ನೊಂದು ಚಾನೆಲ್ಲಿನಲ್ಲಿ ದಪ್ಪ ಮೀಸೆಯ ಜಮೀನ್ದಾರನಾಗುತ್ತಿದ್ದಾರೆ. ಆದ್ದರಿಂದ ಇಲ್ಲಿ ಅಜ್ಜ ಸದ್ಯದಲ್ಲೇ ತೀರಿಕೊಳ್ಳುತ್ತಾನೆ. ವೈನಿಯ ಹೊಟ್ಟೆಯಲ್ಲಿ ಇಂಥ ಮಾತು ಒಂದು ಗಂಟೆಯೂ ನಿಲ್ಲುವುದಲ್ಲ.

‘ಅತ್ತಿಯವರ, ನಿಮ್ಮಣ್ಣ ಹೋಗಾಂವ ಅದಾನ್ರಿ. ಮನಸು ಗಟ್ಟಿ ಮಾಡ್ಕೊಳ್ರಿ.’

‘ಯಾರು ಹೇಳಿದ್ರು?’

‘ವೆಬ್‌ಸೈಟಿನ್ಯಾಗ ಬಂದೈತಿ.’

‘ಯಾರು ಯಾವಾಗ ಸಾಯತಾರಂತ ಅದಕ್ಕ ಹ್ಯಾಂಗ ಗೊತ್ತು? ಅದೇನು ಯಮಧರ್ಮನ ಮಿಶನ್ನೇನು?’

ಬುಧವಾರ ಸಂಜೆ, ಕುಬಸಕ್ಕೆ ಒಂದು ದಿನ ನಡುವೆ ಇರುವಾಗ, ಏಳೂವರೆಗೆ ನಾವೆಲ್ಲ ಕರ್ಚಿಕಾಯಿಗೆ ಹೂರಣ ತುಂಬುತ್ತ ಕುಳಿತಿದ್ದೆವು. ಅಜ್ಜ ತೂಗುಮಂಚದ ಮೇಲೆ ಕುಳಿತು ನಶ್ಯದ ಡಬ್ಬಿ ತಟ್ಟಿದ. ಡಬ್ಬಿ ಕೈಯಿಂದ ಜಾರಿತು. ಅದು ನೆಲಕ್ಕೆ ಬೀಳುವುದನ್ನು ಮೂರು ಕಡೆಯಿಂದ ತೋರಿಸಿದರು. ಕೊನೆಗೆ ಗೋಡೆಯ ಮೇಲೆ ಅವನ ಫೋಟೋ, ಫೋಟೋಕ್ಕೆ ಹಾರ. ವೈನಿ ಅಭ್ಯಾಸಬಲದಿಂದ, ‘ಈ ಫೋಟೋ ಭಾಳ ಮೊದಲ ತಗದಿಟ್ಟಿದ್ದು ಕಾಣತೈತಿ’ ಎಂದರು.

ಅಜ್ಜಿ ಗೋಡೆ ಹಿಡಿದುಕೊಂಡು ಎದ್ದರು. ಬಚ್ಚಲಿಗೆ ಹೋದರು. ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಒದ್ದೆ ಸೀರೆಯಲ್ಲೇ ಬಂದು ಬಾಗಿಲಲ್ಲಿ ನಿಂತು, ‘ತವರಿನ ಸೂತಕ ಮೂರು ದಿನ. ಶುಕ್ರವಾರದ ಕುಬಸ ಮುಂದ ಹಾಕ್ರಿ’ ಎಂದು ಹೇಳಿ ತಮ್ಮ ಕೋಣೆಯ ಮೂಲೆ ಸೇರಿದರು.

ಮೊದಲು ನಮಗೆ ನಗು ಬಂತು. ಅಜ್ಜಿ ರಾತ್ರಿಯ ಊಟಕ್ಕೂ ಏಳದಿದ್ದಾಗ ನಗು ನಿಂತಿತು.

‘ಅದು ಸೀರಿಯಲ್ ರೀ ಅತ್ತಿಯವರ.’

‘ಗೊತ್ತೈತಿ.’

‘ಅಂವ ಸತ್ತಿಲ್ರಿ.’

‘ನನ್ನ ಕಣ್ಣಾರೆ ನೋಡೀನಿ. ನೀನೂ ನೋಡೀದಿ. ಹಾರ ಹಾಕಿದ್ದೂ ನೋಡೀವಿ.’

‘ಆ ಹಾರ ಪ್ಲಾಸ್ಟಿಕಿಂದ್ರಿ.’

‘ಹೂವು ಪ್ಲಾಸ್ಟಿಕಿಂದು ಆದ್ರ ಸತ್ತಾಂವ ಎದ್ದು ಬರತಾನೇನು?’

ನಾನು ಶಾಸ್ತ್ರದ ದಾರಿ ಹಿಡಿದು ನೋಡಿದೆ. ತವರಿನ ಸೂತಕ ನಿಮ್ಮೊಬ್ಬರಿಗೆ ತಾನೆ, ಕುಬಸ ಮಾಡುವವರು ವೈನಿಯಲ್ಲವೇ ಎಂದೆ. ‘ಹಿರ್ಯಾಕಿ ಮೂಲ್ಯಾಗ ಕುಂತಾಗ ಉಡಿ ತುಂಬತೀರೇನು’ ಎಂದು ಅಜ್ಜಿ ನನ್ನನ್ನೂ ಕೂರಿಸಿದರು. ಅವರು ಹೂಂ ಅನ್ನದೆ ಆ ಮನೆಯಲ್ಲಿ ಎಲೆ ಹಾಸಿದ ರೂಢಿಯಿಲ್ಲ. ವೈನಿಯ ಯಜಮಾನರು ಪೇಪರಿನ ಹಿಂದಿನಿಂದ, ‘ಮೂರ ದಿನ ಅಲ್ಲೇನು’ ಎಂದು ಹೇಳಿ ಪುಟ ತಿರುವಿದರು.

‘ಮೂರ ದಿನ ಅಂತ ಬೀಗಿತ್ತಿಗೆ ಫೋನ್ ಮಾಡಿ ನೀವ ಹೇಳ್ರಿ’ ಎಂದರು ವೈನಿ. ‘ಯಾರು ಸತ್ತಾರಂತ ಕೇಳತಾರ. ಏಳೂವರಿ ಸೀರಿಯಲ್ಲಿನ ಅಜ್ಜ ಸತ್ತಾನ ಅಂತ ಹೇಳ್ರಿ. ನನ್ನ ಮಗಳು ಸಾಯೂತನಕ ಆ ಮನ್ಯಾಗ ಅದನ್ನ ಕೇಳಬೇಕಾಗತೈತಿ.’

ಕುಬಸಕ್ಕೆಂದು ಬಂದಿದ್ದ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ‘ಅವ್ವಾ, ಆ ಅಜ್ಜ ಬದುಕ್ಯಾನ ಅಂತ ತೋರಿಸಿಬಿಡು. ನಿನ್ನ ವೆಬ್‌ಸೈಟ್ ಎದಕೈತಿ?’

ವೈನಿ ಮಗಳ ಕಡೆ ನೋಡಿದ ನೋಟ ನನಗೆ ನೆನಪಿದೆ. ಕೈಯಲ್ಲಿ ದೀಪವಿಟ್ಟುಕೊಂಡು ಕತ್ತಲಲ್ಲಿ ತಡವರಿಸಿದವರ ಮುಖ ಅದು.

ಗುರುವಾರ ಬೆಳಿಗ್ಗೆ ಕೆಫೆಯ ಭಾಯಿ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದ ಹೊತ್ತಿಗೆ ನಾವಿಬ್ಬರೂ ಮೆಟ್ಟಿಲ ಮೇಲಿದ್ದೆವು. ಇಷ್ಟು ಬೆಳಿಗ್ಗೆ ಏನು, ಯಾರದ್ದಾದರೂ ರಿಸಲ್ಟೇ ಎಂದು ಕೇಳಿದ. ವೈನಿ ತಮ್ಮ ಹೈದರಾಬಾದಿ ಹಿಂದಿಯಲ್ಲಿ ಗಂಭೀರವಾಗಿ ಉತ್ತರ ಕೊಟ್ಟರು: ‘ನಹೀ ಭಾಯಿ. ಘರ್ ಮೇ ಮೌತ್ ಹೋಗಯಾ. ಆದ್ಮೀ ಜಿಂದಾ ಹೈ ಕ್ಯಾ, ದೇಖ್ನಾ ಹೈ.’ ಮನೆಯಲ್ಲಿ ಸಾವಾಗಿದೆ, ಆ ಮನುಷ್ಯ ಬದುಕಿದ್ದಾನೆಯೇ ನೋಡಬೇಕು. ಭಾಯಿ ಊದುಬತ್ತಿ ಹಿಡಿದುಕೊಂಡೇ ನಮ್ಮಿಬ್ಬರ ಮುಖ ನೋಡಿದ. ಆಮೇಲೆ ಒಳ್ಳೆಯ ಮಿಶನ್ ಇದ್ದ ಗೂಡನ್ನು ತೋರಿಸಿದ.

ತಾಣದಲ್ಲಿ ನೂರೆಂಟು ಶ್ರದ್ಧಾಂಜಲಿಗಳು ಬಂದು ಬಿದ್ದಿದ್ದವು. ಅವುಗಳ ಕೆಳಗೆ, ಅಜ್ಜನ ಕೊನೆಯ ಚಿತ್ರೀಕರಣದ ಫೋಟೋ ಎಂದು ಒಂದು ಸಾಲು. ವೈನಿ ಒತ್ತಿದರು. ಆಗೆಲ್ಲ ಫೋಟೋ ಒಮ್ಮೆಲೇ ಬರುತ್ತಿರಲಿಲ್ಲ. ಮೇಲಿನಿಂದ ಕೆಳಕ್ಕೆ, ಅಟ್ಟದಿಂದ ಸೀರೆ ಇಳಿಬಿಟ್ಟ ಹಾಗೆ, ಎಳೆಯೆಳೆಯಾಗಿ ಇಳಿಯುತ್ತಿತ್ತು. ಮೊದಲು ಗೋಡೆ ಬಂತು. ಆಮೇಲೆ ಚೌಕಟ್ಟಿನ ಅಂಚು. ಆಮೇಲೆ ಚೌಕಟ್ಟಿನೊಳಗೆ ಅಜ್ಜನ ಮುಖ, ಮುಖದ ಸುತ್ತ ಹಾರ. ಅಲ್ಲಿಗೆ ನಿಂತಿತು.

‘ಮುಗೀತ್ರಿ. ಇದನ್ನ ಒಯ್ದು ತೋರಿಸಿದ್ರ ಅತ್ತಿಯವರು ಹತ್ತು ದಿನ ಹಿಡೀತಾರ’ ಎಂದರು ವೈನಿ.

‘ತಡೀರಿ, ಇನ್ನೂ ಇಳಿಯೋದೈತಿ’ ಎಂದೆ.

ಭಾಯಿ ಬಂದು ಮಿಶನ್ನಿನ ತಲೆಗೆ ಮೆಲ್ಲಗೆ ತಟ್ಟಿದ. ಹಾರದ ಕೆಳತುದಿ ಇಳಿಯಿತು. ಅದರ ಕೆಳಗೆ ಪೌಡರ್ ಬಳಿದ ಒಂದು ತಲೆ ಮೂಡಿತು. ಮತ್ತೆ ಹಣೆ, ಕನ್ನಡಕ, ಉಬ್ಬಿದ ಒಂದು ಗಲ್ಲ. ತನ್ನದೇ ಹಾರ ಹಾಕಿದ ಫೋಟೋದ ಅಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಜ್ಜ ಕುಳಿತಿದ್ದ. ಎಡಗೈಯಲ್ಲಿ ಚಹಾ, ಬಲಗೈಯಲ್ಲಿ ಅರ್ಧ ಕಡಿದ ಮಿರ್ಚಿ ಭಜಿ. ಪಕ್ಕದಲ್ಲಿ ಅವನ ಶವದ ಮೇಲೆ ಬಿದ್ದು ಅತ್ತ ಮೊಮ್ಮಗಳು ತಟ್ಟೆ ಹಿಡಿದು ನಗುತ್ತ ನಿಂತಿದ್ದಳು. ವೈನಿ ಎರಡೂ ಕೈ ಜೋಡಿಸಿ ಪರದೆಗೆ ನಮಸ್ಕಾರ ಮಾಡಿದರು. ಭಾಯಿ ಕುತೂಹಲ ತಡೆಯಲಾರದೆ ಬಗ್ಗಿ ನೋಡಿ, ‘ಜಿಂದಾ ಹೈ’ ಎಂದು ತೀರ್ಪು ಕೊಟ್ಟು, ಬಣ್ಣದ ಪ್ರಿಂಟ್ ತೆಗೆದುಕೊಟ್ಟ.

ಕಾಗದದ ಮಸಿ ಆರುವ ಮುಂಚೆಯೇ ಮನೆ ಮುಟ್ಟಿದೆವು. ಅಜ್ಜಿ ಕೋಣೆಯ ಕಿಟಕಿಯ ಹತ್ತಿರ ಬರಿಯ ನೆಲದ ಮೇಲೆ ಕುಳಿತಿದ್ದರು. ವೈನಿ ಕನ್ನಡಕ ಒರೆಸಿ ಅವರ ಮೂಗಿಗೆ ಏರಿಸಿ, ಫೋಟೋ ಕೈಗೆ ಕೊಟ್ಟು, ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತರು. ನಾನು ಬಾಗಿಲಿಗೆ ಒರಗಿ ನಿಂತೆ.

ಅಜ್ಜಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

‘ತಿನ್ನಾಕತ್ತಾನ.’

‘ಹೌದ್ರಿ.’

‘ಮಿರ್ಚಿ ಭಜಿ.’

‘ಹೌದ್ರಿ ಅತ್ತಿಯವರ. ಸತ್ತ ಮ್ಯಾಲೆ ತಿಂದದ್ದು.’

‘ನಗಾಕತ್ತಾಳ ಆ ಹುಡುಗಿ. ಅಷ್ಟು ಅತ್ತಿದ್ಲಲ್ಲ.’ ಬೆರಳಿನಿಂದ ಫೋಟೋದೊಳಗಿನ ಫೋಟೋವನ್ನು ಮುಟ್ಟಿದರು. ‘ಬದುಕಿದ್ದಾಂವಗ ಹಾರ ಹಾಕ್ಯಾರ. ಇರಲಿ. ಸತ್ತ ಸುದ್ದಿ ಹಬ್ಬಿದಾಂವಗ ಆಯುಷ್ಯ ಹೆಚ್ಚಂತಾರ.’ ಕನ್ನಡಕ ತೆಗೆದರು. ‘ಆತು. ಸೂತಕ ಇಲ್ಲ. ನಾಳಿ ಕುಬಸ ಮಾಡ್ರಿ.’

ವೈನಿಯ ಮುಖದ ಮೇಲೆ ಅಂಥ ಗೆಲುವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ನಡೆದ ವಾದಗಳಲ್ಲಿ ಇದೊಂದನ್ನೇ ಅವರು ಗೆದ್ದದ್ದು. ಏಳಲು ಹೋದವರನ್ನು ಅಜ್ಜಿ ಸೆರಗು ಹಿಡಿದು ಕೂರಿಸಿದರು.

‘ಆ ಮಿಶನ್ನಿನ್ಯಾಗ ಎಲ್ಲಾರೂ ಸಿಗತಾರೇನು?’

‘ಯಾರು ಬೇಕು ಹೇಳ್ರಿ, ಹುಡುಕೋಣು. ಖಳನಾಯಕಿ ಬೇಕೇನು? ಸ್ವೆಟರ್ ಹೆಣಿಯಾಕತ್ತಾಳ.’

‘ನಮ್ಮಣ್ಣ.’

‘ಇಲ್ಲೇ ಅದಾರಲ್ರಿ ನಿಮ್ಮ ಕೈಯಾಗ.’

‘ಇಂವ ಅಲ್ಲ. ಖರೇ ನಮ್ಮಣ್ಣ.’

ವೈನಿ ನನ್ನ ಕಡೆ ನೋಡಿದರು. ಅಜ್ಜಿಗೆ ಒಬ್ಬ ಅಣ್ಣನಿದ್ದದ್ದು, ತೀರಿಹೋದದ್ದು ಅವರಿಗೆ ಗೊತ್ತಿತ್ತು. ‘ಅವರು ನನ್ನ ಮದುವಿ ಆಗಿ ತಿಂಗಳಿಗೆ ಹೋದ್ರಲ್ರಿ’ ಎಂದರು ಮೆಲ್ಲಗೆ. ‘ಏನೋ ಸಿಟ್ಟು ಮಾಡ್ಕೊಂಡು ಮದುವಿಗೂ ಬರಲಿಲ್ಲ ಅಂತ ಮಾವನವರು ಹೇಳತಿದ್ರು.’

‘ಅಂವ ಸಿಟ್ಟು ಮಾಡೋ ಪೈಕಿ ಅಲ್ಲವಾ.’ ಅಜ್ಜಿ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಅದರ ಮೂಲೆಯನ್ನು ನೇರ ಮಾಡುತ್ತಿದ್ದರು. ‘ನಿನ್ನ ಮದುವಿ ಹಿಂದಿನ ದಿನ ಹೋಗಿದ್ದ. ಸುದ್ದಿ ತಂದಾಂವನ್ನ ನಿಮ್ಮ ಮಾವ ಹೊರಗಿಂದ ಹೊರಗ ಕಳಿಸಿಬಿಟ್ಟಿದ್ರು. ಶುಭಕಾರ್ಯ ನಿಲ್ಲಬಾರದಂತ. ಅಕ್ಷತಿ ಬೀಳೂತನಕ ನಾ ಬಾಗಲಾ ನೋಡಾಕತ್ತಿದ್ದೆ, ಈಗ ಬರತಾನ, ಆಗ ಬರತಾನ ಅಂತ. ನನಗ ತಿಳದಾಗ ನೀ ಬಂದು ತಿಂಗಳಾಗಿತ್ತು.’

‘ನೀವು ಒಮ್ಮೆನೂ ಹೇಳಲಿಲ್ರಿ.’

‘ಏನಂತ ಹೇಳಲಿ? ಆಗ ನಾ ಬಾಯಿಬಿಟ್ಟು ಅತ್ತಿದ್ರ ಮಂದಿ ಏನಂತಿದ್ರು? ಹೊಸಾ ಸೊಸಿ ಕಾಲಗುಣ ಅಂತಿದ್ರು. ಹದಿನೆಂಟರ ಹುಡುಗಿ ನೀ. ಬಚ್ಚಲಕ್ಕ ಹೋಗಿ ಒಂದು ತಂಬಗಿ ನೀರು ಹಾಕ್ಕೊಂಡು ಬಂದೆ. ನಿನಗ ರೊಟ್ಟಿ ಬಡಿಯಾಕ ಬರತಿರಲಿಲ್ಲ. ಕಲಿಸಿದೆ.’ ಫೋಟೋವನ್ನು ತಿರುಗಿ ವೈನಿಯ ಕೈಗೆ ಕೊಟ್ಟರು. ‘ನಿನ್ನೆ ಈ ಅಣ್ಣ ಹೋದನಲ್ಲ, ನನಗ ಅನಿಸ್ತು, ಇವನ ನೆವದಾಗರ ಮೂರು ದಿನ ಕುಂದರೂಣು ಅಂತ. ಇರಲಿ ಬಿಡು. ಇಂವ ಬದುಕ್ಯಾನ. ಹೋಗು, ರಾತ್ರಿಗೆ ಬೀಗರು ಬರತಾರ, ಕರ್ಚಿಕಾಯಿ ಕರಿ.’

ಯಾವ ಮನೆಗೆ ಎಷ್ಟು ಗೋಡೆ, ಯಾರ ಕಣ್ಣೀರು ಯಾವ ಶೀಶೆಯದು ಎಂದು ಬಲ್ಲ ವೈನಿ ಆ ಕಾಗದವನ್ನು ಹಿಡಿದುಕೊಂಡು ಅಲ್ಲಿಯೇ ಕುಳಿತಿದ್ದರು. ಅಡಿಗೆಮನೆಯಿಂದ ಮಗಳು, ‘ಅವ್ವಾ, ಅಜ್ಜಿ ಒಪ್ಪಿದ್ಲೇನು’ ಎಂದು ಕೂಗಿದಳು. ವೈನಿ ಅತ್ತೆಯ ಕಾಲಬೆರಳನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದು, ಹೊರಗಿನ ಕೋಣೆಗೆ ಬಂದು ರಾಯಚೂರಿನ ನಂಬರ್ ತಿರುಗಿಸಿದರು.

‘ವೈನಿ, ಅಜ್ಜಿ ಹೂಂ ಅಂದಾರಲ್ರಿ’ ಎಂದು ನಾನು ಪಿಸುಗುಟ್ಟಿದೆ. ಅವರು ಕೈಸನ್ನೆಯಿಂದ ನನ್ನನ್ನು ಸುಮ್ಮನಿರಿಸಿದರು.

‘ನಮಸ್ಕಾರ್ರಿ. ನಾನು ಮಾತಾಡಾಕತ್ತೀನಿ. ಇವತ್ತಿನ ಗಾಡಿಗೆ ಹೊಂಡಬ್ಯಾಡ್ರಿ. ಕುಬಸ ಸೋಮವಾರ ಇಟ್ಕೊಳ್ಳೂಣು. ಮನ್ಯಾಗ ಸೂತಕ ಬಂದೈತ್ರಿ.’

ಬೀಗಿತ್ತಿಯ ದನಿ ಎಷ್ಟು ಗಟ್ಟಿಯೆಂದರೆ ಬಾಗಿಲಲ್ಲಿ ನಿಂತ ನನಗೂ ಕೇಳಿಸಿತು. ‘ಅಯ್ಯ, ಯಾರ್ರಿ? ಅಜ್ಜಿಯವ್ರೇನು?’

‘ಇಲ್ರಿ, ಅತ್ತಿಯವರು ಅರಾಮ ಅದಾರ. ಅವರ ಅಣ್ಣಾರು ಹೋದ್ರು.’

‘ಯಾವಾಗ ಹೋದ್ರು?’

ವೈನಿ ಒಳಕೋಣೆಯ ಕಡೆ ನೋಡಿದರು.

‘ಆಗಿ ಭಾಳ ದಿನ ಆತ್ರಿ’ ಎಂದರು. ‘ಸುದ್ದಿ ನಮಗ ಇವತ್ತ ಮುಟ್ತು.’